ಉಸಿರು ಕಟ್ಟಿದ ಪರದೆ

ಉಸಿರು ಹಿಡಿದುಕೊಂಡು ಕೂರುವುದೂ ಒಂದು ಕಸುಬು ಎಂದರೆ ಯಾರು ನಂಬುತ್ತಾರೆ? ಆದರೆ ಉಸಿರಕ್ಕ ಹನ್ನೊಂದು ವರ್ಷದಿಂದ ಮಾಡುತ್ತಿದ್ದದ್ದು ಅದನ್ನೇ. ಬೆಳಿಗ್ಗೆ ಒಂಬತ್ತಕ್ಕೆ ಸದ್ದಿನ ಪ್ರಯೋಗಾಲಯಕ್ಕೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ತಲೆಗೂದಲನ್ನೆಲ್ಲ ಟೊಪ್ಪಿಯೊಳಗೆ ತುರುಕಿ, ಸೂಕ್ಷ್ಮದರ್ಶಕದ ಮುಂದೆ ಕೂತಳೆಂದರೆ ಮುಗಿಯಿತು. ಮಧ್ಯಾಹ್ನದವರೆಗೆ ಆ ಕೋಣೆಯ ಬಾಗಿಲನ್ನು ಯಾರೂ ಜೋರಾಗಿ ತೆಗೆಯುವ ಹಾಗಿಲ್ಲ. ಕಣ ಎತ್ತುವಾಗ ಉಸಿರು ಒಳಕ್ಕೆ, ಕೂರಿಸುವಾಗ ಉಸಿರು ಬಂದ್, ಮುಖ ಪಕ್ಕಕ್ಕೆ ತಿರುಗಿಸಿದ ಮೇಲೆ ಉಸಿರು ಹೊರಕ್ಕೆ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವಳು ಉಸಿರಕ್ಕ.

ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕು. ಅಂಗೈಯಗಲದ ಒಂದು ಚೌಕಟ್ಟು. ಅದರಲ್ಲಿ ಎಂಟೆಂಟ್ಲೆ ಅರವತ್ನಾಲ್ಕು ಮನೆ. ಪ್ರತಿ ಮನೆಯ ಮೇಲೂ ಈರುಳ್ಳಿಯ ಒಳಪೊರೆಗಿಂತ ತೆಳ್ಳಗಿನ ಒಂದು ಪೊರೆ ಬಿಗಿದಿರುತ್ತದೆ. ಅದರ ನಟ್ಟನಡುವೆ, ಬರಿಗಣ್ಣಿಗೆ ಧೂಳಿನಷ್ಟೂ ಕಾಣದ ಕಣಗಳನ್ನು ಎಣಿಸಿ ಕೂರಿಸಬೇಕು. ಹೀಗೆ ತೂಕ ಹೊತ್ತ ಒಂದೊಂದು ಪೊರೆಯೂ ಒಂದೊಂದು ಪುಟ್ಟ ಡೋಲು. ಬೇರೆ ಯಾವ ಸದ್ದು ಬಂದರೂ ಆ ಡೋಲುಗಳು ಅದನ್ನು ತಡೆಯುವುದಿಲ್ಲ; ಮಾತು, ಕೆಮ್ಮು, ಹೆಜ್ಜೆ ಎಲ್ಲ ಸಲೀಸಾಗಿ ದಾಟಿ ಹೋಗುತ್ತವೆ. ಯಾವ ಸ್ವರಕ್ಕೆಂದು ಅವನ್ನು ಅಳವಡಿಸಿದ್ದೇವೋ ಆ ಒಂದು ಸ್ವರ ಬಂದರೆ ಮಾತ್ರ ಅಷ್ಟೂ ಡೋಲುಗಳು ಒಟ್ಟಿಗೆ ಎದುರು ನಡುಗಿ ಅದನ್ನು ಅಲ್ಲೇ ಅಳಿಸಿಹಾಕುತ್ತವೆ. ಇಟ್ಟಿಗೆ ಗೋಡೆಯೂ ಅಷ್ಟು ಚೆನ್ನಾಗಿ ತಡೆಯಲಾರದು.

ಅಂಗಡಿಯಲ್ಲಿ ಸಿಗುವ ಯಾವ ಕುಂಚವೂ ಆ ಕಣಗಳ ಮುಂದೆ ಒನಕೆಯಷ್ಟು ದಪ್ಪ. ಅದಕ್ಕೇ ಉಸಿರಕ್ಕ ಒಂದು ಕಡ್ಡಿಯ ತುದಿಗೆ ಒಂದೇ ಒಂದು ರೆಪ್ಪೆಗೂದಲು ಅಂಟಿಸಿಕೊಂಡು ಕೆಲಸ ಮಾಡುತ್ತಿದ್ದಳು. ಅವಳ ರೆಪ್ಪೆ ಮೋಟು. ತಂಗಿಯದು ಉದ್ದ, ತುದಿಯಲ್ಲಿ ಕೊಂಚ ಬಾಗು. ತಂಗಿ ಮುಖ ತೊಳೆದಾಗ ಉದುರಿದ ರೆಪ್ಪೆಗಳನ್ನು ಟವೆಲಿನಿಂದ ಆರಿಸಿ ಕಾಗದದಲ್ಲಿ ಮಡಚಿ ಇಟ್ಟುಕೊಳ್ಳುತ್ತಿದ್ದಳು. ‘ನನ್ನ ಕಣ್ಣು ಕಿತ್ಕೊಂಡು ಸಂಬಳ ತಗೋತೀಯಲ್ಲೇ ಅಕ್ಕ’ ಎಂದು ತಂಗಿ ಗೇಲಿ ಮಾಡುತ್ತಿದ್ದಳು.

ಇನ್ನು ಅಂಟು. ಗಟ್ಟಿ ಅಂಟು ಹಾಕಿದರೆ ಪೊರೆ ಸೆಟೆದುಕೊಂಡು ಸ್ವರ ಕೆಡುತ್ತದೆ. ಆದ್ದರಿಂದ ನೀರಿಗೆ ಕರಗುವ ಗೋಂದು ಹಾಕಿ ಕಣಗಳನ್ನು ಕೂರಿಸಿ, ಕೊನೆಗೆ ಎಲ್ಲದರ ಮೇಲೊಂದು ತೆಳು ಲೇಪ ಕೊಡುತ್ತಿದ್ದರು. ಲೇಪ ಒಣಗಿತೆಂದರೆ ತೇವದ ಭಯವಿಲ್ಲ. ಅಲ್ಲಿಯವರೆಗೆ ಮಾತ್ರ ಅದು ಹಸಿ ಬಾಣಂತಿ. ಬಿಸಿ ಉಸಿರು ತಾಗಿದರೂ ಗೋಂದು ನೆಂದು ಕಣಗಳು ಜಾರುತ್ತವೆ. ನೆಗಡಿಯ ದಿನ ಒಂದು ಸೀನಿಗೆ ಅವಳ ಎರಡು ದಿನದ ಕೆಲಸ ಮೂಲೆಗೆ ಸರಿದು ಕೂತಿತ್ತು.

ಪ್ರಯೋಗಾಲಯದ ನಿರ್ದೇಶಕರಿಗೆ ಎಲ್ಲರೂ ಹಿಂದಿನಿಂದ ಗ್ರಾಫಪ್ಪ ಎನ್ನುತ್ತಿದ್ದರು, ಮುಂದಿನಿಂದ ಸರ್. ಸದ್ದಿನ ಬಗ್ಗೆ ಇಪ್ಪತ್ತೆಂಟು ವರ್ಷ ಓದಿದ ಮನುಷ್ಯ. ಆದರೆ ಯಾವ ಸದ್ದನ್ನೂ ಕಿವಿಗೊಟ್ಟು ಕೇಳಿದ್ದನ್ನು ಯಾರೂ ಕಂಡಿರಲಿಲ್ಲ. ಅವರಿಗೆ ಸದ್ದೆಂದರೆ ಕಂಪ್ಯೂಟರಿನ ಮೇಲಿನ ಗೆರೆ; ಗೆರೆ ಎಲ್ಲಿ ಎದ್ದಿದೆ, ಎಲ್ಲಿ ಬಿದ್ದಿದೆ, ಅಷ್ಟೇ. ಮೂರು ತಿಂಗಳ ಹಿಂದೆ ಅವರು ಉಸಿರಕ್ಕನ ಮೇಜಿನ ಮೇಲೆ ಒಂದು ಚೀಟಿ ಇಟ್ಟಿದ್ದರು. ಅದರಲ್ಲಿ ‘ಆಸ್ಪತ್ರೆ ಡ್ಯೂಟಿ ರೂಮು. ತೊಂದರೆ ಕೊಡುವ ಸದ್ದು: 2700 ಹರ್ಟ್ಸ್. ಚೌಕಟ್ಟು: 36’ ಎಂದು ಬರೆದಿತ್ತು.

‘ಇದು ಯಾವುದರ ಸದ್ದು ಸರ್?’ ಎಂದು ಅವಳು ಕೇಳಿದ್ದಳು.

‘ಯಾವುದರದ್ದಾದ್ರೆ ನಿಮಗೇನಮ್ಮ? ಇಪ್ಪತ್ತೇಳು ನೂರು ಅಂದ್ರೆ ಇಪ್ಪತ್ತೇಳು ನೂರು.’

ಅದನ್ನೇ ನಂಬಿ ಅವಳು ಎಪ್ಪತ್ತೆರಡು ದಿನ ಉಸಿರು ಬಿಗಿಹಿಡಿದಳು. ದಿನದ ಕೊನೆಗೆ ಒಂದು ಪುಟ್ಟ ಸ್ಪೀಕರಿನಿಂದ ಅದೇ ಸ್ವರ ಹೊರಡಿಸಿ ಪರೀಕ್ಷಿಸಬೇಕಿತ್ತು. ಚೌಕಟ್ಟಿಲ್ಲದಾಗ ಟೀ— ಎಂದು ಕಿವಿ ಕೊರೆಯುವ ಸ್ವರ, ಚೌಕಟ್ಟು ಅಡ್ಡ ಬಂದ ಕೂಡಲೇ ನಾಪತ್ತೆ. ಮೂವತ್ತಾರೂ ಸರಿಯಾಗಿ ಬಂದ ದಿನ ಅವಳಿಗೆ ಹೆಮ್ಮೆಯೋ ಹೆಮ್ಮೆ. ಲೇಪ ಕೊಡಲು ಇನ್ನು ಹತ್ತು ದಿನ ಬೇಕು ಎಂದಳು. ಗ್ರಾಫಪ್ಪ, ಉದ್ಘಾಟನೆಗೆ ದಿನ ಗೊತ್ತಾಗಿದೆ, ಲೇಪ ಆಮೇಲೆ ನೋಡೋಣ ಎಂದರು. ಮೂವತ್ತಾರು ಚೌಕಟ್ಟು ಜೋಡಿಸಿದ ಪರದೆ ಹಸಿಹಸಿಯಾಗಿಯೇ ಆಸ್ಪತ್ರೆ ಸೇರಿತು. ರಿಬ್ಬನ್ ಕತ್ತರಿಸಿದರು, ಫೋಟೋ ತೆಗೆದರು. ಫೋಟೋದಲ್ಲಿ ಉಸಿರಕ್ಕ ಇರಲಿಲ್ಲ. ಅದಕ್ಕೆ ಅವಳಿಗೆ ಬೇಸರವೂ ಇರಲಿಲ್ಲ. ಆ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ಅವಳ ತಂಗಿಯೇ. ತಾನು ಮಾಡಿದ್ದು ತಂಗಿಗೆ ಕೊಂಚ ನೆಮ್ಮದಿ ಕೊಟ್ಟೀತು ಎಂದುಕೊಂಡಿದ್ದಳು, ಪಾಪ.

ಪರದೆ ಕೂತ ಎಂಟನೆಯ ದಿನದ ಸಂಜೆ ಅವಳು ಮನೆಗೆ ಬಂದು ಬಾಗಿಲು ತೆಗೆದರೆ ಒಳಗಿನಿಂದ ಟೀ— ಟೀ— ಟೀ—. ಎಪ್ಪತ್ತೆರಡು ದಿನ ಜೊತೆಯಲ್ಲಿ ಬದುಕಿದ ಸ್ವರ. ತನ್ನ ಮಗುವಿನ ಅಳು ಗುರುತಿಸುವ ಹಾಗೆ ಗುರುತಿಸಿದಳು. ಸದ್ದು ಬಚ್ಚಲುಮನೆಯಿಂದ ಬರುತ್ತಿತ್ತು. ತಂಗಿ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ಬೆರಳು ಎತ್ತಿಕೊಂಡು ನಿಂತಿದ್ದಳು. ಅಮ್ಮ ಹಾಲ್‌ನಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದಳು.

‘ನೋಡೇ ಇವಳ ಆಟ! ಒಂದು ಗಂಟೆಯಿಂದ ಫೋನನ್ನ ಬಚ್ಚಲಲ್ಲಿ ಇಟ್ಟು ಬಾಗಿಲು ಹಾಕೋದು, ಇಲ್ಲಿ ಬಂದು ನಿಲ್ಲೋದು. ಕಿವಿ ಮಂದ ಆಗಿರೋ ನಂಗೇ ಕೇಳಿಸ್ತಿದೆ, ಇವಳಿಗೆ ಅನುಮಾನವಂತೆ!’

‘ಕೇಳಿಸ್ತಿದೆ ಅಕ್ಕ,’ ಎಂದಳು ತಂಗಿ, ತಿರುಗದೆ. ‘ಮನೇಲಿ ಕೇಳಿಸುತ್ತೆ. ಎಲ್ಲಿ ನಿಂತ್ರೂ ಕೇಳಿಸುತ್ತೆ. ಅಲ್ಲಿ ಯಾಕೆ ಕೇಳಿಸಲಿಲ್ಲ?’ ಎಂದವಳೇ ಅಳತೊಡಗಿದಳು.

ಅತ್ತು ಸಮಾಧಾನವಾದ ಮೇಲೆ ವಿಷಯ ಹೊರಬಂತು. ಮೂರು ದಿನದ ಹಿಂದೆ ಆರನೆಯ ಬೆಡ್ಡಿನ ಮೇಷ್ಟ್ರು, ನಿವೃತ್ತರಾದ ಗಣಿತದ ಮೇಷ್ಟ್ರು, ಮಗ್ಗುಲಾದಾಗ ಆಕ್ಸಿಜನ್ ಕೊಳವೆ ಕಳಚಿಕೊಂಡಿತು. ತಲೆಯ ಹತ್ತಿರದ ಮಾನಿಟರು ಅಲಾರಾಂ ಹೊಡೆಯಿತು. ಹೊಡೆಯುತ್ತಲೇ ಇತ್ತು. ನರ್ಸು ಬಂದೇ ಬರುತ್ತಾಳೆಂದು ಉಳಿದ ರೋಗಿಗಳು ಮಲಗಿಯೇ ಇದ್ದರು. ಹದಿನೆಂಟು ಹೆಜ್ಜೆ ದೂರದ ಡ್ಯೂಟಿ ರೂಮಿನಲ್ಲಿ ತಂಗಿ ಔಷಧಿ ಚಾರ್ಟು ತುಂಬುತ್ತಿದ್ದಳು. ಜೊತೆಯವಳು ಔಷಧಿ ತರಲು ಸ್ಟೋರಿಗೆ ಹೋಗಿದ್ದಳು. ಚಾರ್ಟು ಮುಗಿಸಿ ತಂಗಿ ಬಾಗಿಲು ತೆಗೆದಾಗಲೇ ಸದ್ದು ಮುಖಕ್ಕೆ ಹೊಡೆದಂತೆ ಕೇಳಿತು. ಓಡಿಹೋಗಿ ಕೊಳವೆ ಸಿಕ್ಕಿಸಿದಳು. ಮಾನಿಟರಿನ ಲೆಕ್ಕದ ಪ್ರಕಾರ ಹನ್ನೊಂದು ನಿಮಿಷ. ಮೇಷ್ಟ್ರು ಬದುಕಿಕೊಂಡರು. ಆದರೆ ಅವತ್ತಿನಿಂದ ಮಗಳನ್ನು ಕಂಡರೆ ‘ಯಾರು ತಾಯಿ ನೀನು?’ ಎನ್ನುತ್ತಾರಂತೆ.

‘ಮೆಮೊ ಕೊಟ್ಟಿದ್ದಾರೆ ಅಕ್ಕ. ಕರ್ತವ್ಯಲೋಪ ಅಂತ. ಗುರುವಾರ ವಿಚಾರಣೆ. ನಾನೇ ಹೋಗಿ ಕಿವಿ ಪರೀಕ್ಷೆ ಮಾಡಿಸ್ಕೊಂಡೆ. ಎರಡೂ ಕಿವಿ ಚೆನ್ನಾಗಿದೆ ಅಂತ ಬಂತು. ಕೆಪ್ಪಿ ಅಂತಾದ್ರೂ ಬಂದಿದ್ರೆ ಚೆನ್ನಾಗಿತ್ತು. ಈಗ ನಿದ್ದೆ ಹೊಡೀತಿದ್ದೆ ಅಂತಾರೆ. ಕೆಲಸದಿಂದ ತೆಗೀತಾರೆ. ತೆಗೀಲಿ ಬಿಡು. ಆದ್ರೆ ನಿಜವಾಗ್ಲೂ ನಂಗೇನಾದ್ರೂ ಆಗಿದೆಯಾ? ಅಲ್ಲಿ ಅಜ್ಜಂದಿರ ಕೆಮ್ಮು ಕೇಳಿಸ್ತಿತ್ತು, ಟ್ರಾಲಿ ಚಕ್ರ ಕೇಳಿಸ್ತಿತ್ತು. ಅದೊಂದೇ ಕೇಳಿಸಲಿಲ್ಲ. ಯಾರಿಗೆ ಹೇಳಿದ್ರೂ ನಗ್ತಾರೆ.’

ಉಸಿರಕ್ಕ ಬಚ್ಚಲಿಗೆ ಹೋಗಿ ಫೋನು ತಂದಳು. ಸ್ವರ ಇನ್ನೂ ಹೊಡೆದುಕೊಳ್ಳುತ್ತಿತ್ತು.

‘ಇದು ಏನು?’

‘ಅಲಾರಾಂ ಕಣೇ. ನಮ್ಮ ವಾರ್ಡಿನ ಮಾನಿಟರಿಂದು. ನಿನ್ನೆ ರೆಕಾರ್ಡ್ ಮಾಡ್ಕೊಂಡು ಬಂದೆ.’

ಉಸಿರಕ್ಕನ ಕಣ್ಣ ಮುಂದೆ ಗ್ರಾಫಪ್ಪನ ಚೀಟಿ ಬಂತು. ತೊಂದರೆ ಕೊಡುವ ಸದ್ದು! ಸಾಯುತ್ತಿರುವವನ ಪರವಾಗಿ ಯಂತ್ರ ಕೂಗಿಕೊಳ್ಳುವುದು ಇವರಿಗೆ ತೊಂದರೆ ಕೊಡುವ ಸದ್ದು! ಅದನ್ನು ತಾನು ತನ್ನ ಕೈಯಾರೆ, ತಂಗಿಯ ರೆಪ್ಪೆಯ ತುದಿಯಿಂದ, ಒಂದೊಂದೇ ಕಣ ಕೂರಿಸಿ ತಂಗಿಯ ಕಿವಿಗೆ ಬೀಳದ ಹಾಗೆ ಮಾಡಿದ್ದಳು. ಅವಳು ಅಲ್ಲೇ ಕೂತು ಎಲ್ಲವನ್ನೂ ಹೇಳಿದಳು. ತಂಗಿ ಕೈ ಚಾಚಿ ಫೋನಿನ ಸದ್ದು ನಿಲ್ಲಿಸಿದಳು.

‘ಹಾಗಾದ್ರೆ ನಾನು ಸರಿ ಇದೀನಾ?’ ಎಂದಳು. ಅಕ್ಕನ ಮೇಲೆ ಸಿಟ್ಟಾಗುವ ಬದಲು ಅಷ್ಟನ್ನೇ ಕೇಳಿದಳು. ಅದು ಉಸಿರಕ್ಕನ ಎದೆಗೆ ಇನ್ನೂ ಆಳವಾಗಿ ನಾಟಿತು.

‘ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು,’ ಎಂದಳು ಅಮ್ಮ. ‘ನಾಳೆ ಹೋಗಿ ಆ ನಿಮ್ಮ ದೊಡ್ಡ ಮನುಷ್ಯನ್ನ ಕೇಳು.’

ಉಸಿರಕ್ಕ ಮೊದಲು ಆಸ್ಪತ್ರೆಯ ನರ್ಸುಗಳ ಮುಖ್ಯಸ್ಥೆ ಮೇಟ್ರನ್‌ಗೆ ಫೋನು ಮಾಡಿದಳು. ಮೂವತ್ತು ವರ್ಷ ವಾರ್ಡು ಕಂಡ ಹೆಂಗಸು, ಮಾತು ಮುಗಿಯುವ ಮೊದಲೇ ಅರ್ಥ ಮಾಡಿಕೊಂಡಳು. ಹತ್ತೇ ನಿಮಿಷದಲ್ಲಿ ಡ್ಯೂಟಿ ರೂಮಿನ ಒಂದು ಕುರ್ಚಿಯನ್ನು ವಾರ್ಡಿನೊಳಗೆ ಹಾಕಿಸಿ, ಒಬ್ಬ ನರ್ಸನ್ನು ಅಲ್ಲೇ ಕೂರಿಸಿದಳು. ಆದರೆ, ‘ನೋಡಮ್ಮ, ನಾನು ನಂಬ್ತೀನಿ. ಸೂಪರಿಂಟೆಂಡೆಂಟ್ ನಂಬಲ್ಲ. ತಂಗಿ ಪರ ಅಕ್ಕ ಸಾಕ್ಷಿ ಹೇಳ್ತಾಳೆ ಅಂತಾರೆ. ನಿಮ್ಮ ಲ್ಯಾಬಿನಿಂದ ಒಂದು ಕಾಗದ ತಗೊಂಡು ಬಾ’ ಎಂದಳು.

ಆ ಕಾಗದಕ್ಕಾಗಿ ಉಸಿರಕ್ಕ ಮರುದಿನ ಬೆಳಿಗ್ಗೆ ಗ್ರಾಫಪ್ಪನ ಕೋಣೆಗೆ ಹೋದಳು.

ಅವರು ಶಾಂತವಾಗಿ ಫೈಲು ತೆಗೆದರು. ಡ್ಯೂಟಿ ರೂಮಿನಲ್ಲಿ ಗಲಾಟೆ ಜಾಸ್ತಿ, ಕೂತು ಬರೆಯುವುದಕ್ಕಾಗುವುದಿಲ್ಲ ಎಂದು ಆಸ್ಪತ್ರೆಯವರು ದೂರಿದ್ದರು. ಇವರು ಹೋಗಿ ಒಂದು ಹಗಲು ಒಂದು ರಾತ್ರಿ ರೆಕಾರ್ಡರ್ ಇಟ್ಟು ಬಂದರು. ಕಂಪ್ಯೂಟರು ಅಷ್ಟೂ ಸದ್ದನ್ನು ಗೆರೆ ಮಾಡಿ ತೋರಿಸಿತು. ಎಲ್ಲಕ್ಕಿಂತ ಎತ್ತರಕ್ಕೆ ಎದ್ದ ಗೆರೆ ಇಪ್ಪತ್ತೇಳು ನೂರರದು. ಎತ್ತರದ ಗೆರೆ ಎಂದರೆ ದೊಡ್ಡ ತೊಂದರೆ. ಅದನ್ನು ಕಡಿದು ಹಾಕಿದರಾಯಿತು. ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬುದ್ಧಿವಂತಿಕೆ ಇದು.

‘ರೆಕಾರ್ಡಿಂಗನ್ನ ಯಾರಾದ್ರೂ ಕೇಳಿದ್ರಾ ಸರ್?’

‘ಕೇಳೋದಾ?’ ಗ್ರಾಫಪ್ಪ ನಿಜವಾಗಿಯೂ ಅಚ್ಚರಿಪಟ್ಟರು. ‘ಇಪ್ಪತ್ನಾಲ್ಕು ಗಂಟೆ ಯಾರಮ್ಮ ಕೂತು ಕೇಳ್ತಾರೆ? ಕಿವಿ ನಂಬೋ ಹಾಗಿಲ್ಲ. ಒಬ್ಬೊಬ್ಬರದು ಒಂದೊಂದು ಥರ. ನಾವು ಅಳೀತೀವಿ.’

ಸದ್ದಿನ ವಿಜ್ಞಾನಿಗಳು ಸದ್ದನ್ನು ಅಳೆದರು, ತೂಗಿದರು, ಬಣ್ಣಬಣ್ಣದ ಗೆರೆ ಎಳೆದರು. ಕೇಳಲಿಲ್ಲ! ಒಂದೇ ಒಂದು ನಿಮಿಷ ಯಾರಾದರೂ ಕಿವಿಗೊಟ್ಟಿದ್ದರೆ, ಇದು ಅಲಾರಾಂ ಎಂದು ಶಾಲೆಯ ಮಗುವೂ ಹೇಳುತ್ತಿತ್ತು.

‘ಈಗ ಕೇಳಿ ಸರ್,’ ಎಂದಳು ಉಸಿರಕ್ಕ. ಅವರ ಅಪ್ಪಣೆಗೆ ಕಾಯದೆ ಕಂಪ್ಯೂಟರಿನಲ್ಲಿ ಗೆರೆ ಎತ್ತರಕ್ಕೆ ಎದ್ದ ಜಾಗಕ್ಕೆ ಬೆರಳೊತ್ತಿದಳು. ಟೀ— ಟೀ— ಟೀ—. ಸದ್ದಿನ ಹಿಂದೆಯೇ ಯಾರೋ ಓಡುವ ಹೆಜ್ಜೆ, ‘ಮೂರನೇ ಬೆಡ್ಡು, ಬೇಗ!’ ಎನ್ನುವ ದನಿ. ದನಿ ಅವಳ ತಂಗಿಯದೇ. ಕೇಳಿದೊಡನೆ ಓಡಿದ್ದಳು ಅವಳು. ಅವಳ ನಿಷ್ಠೆಯ ಸಾಕ್ಷಿ ಮೂರು ತಿಂಗಳಿಂದ ಇವರ ಕಂಪ್ಯೂಟರಿನಲ್ಲೇ ಕೂತಿತ್ತು.

ಗ್ರಾಫಪ್ಪ ಕೈ ಚಾಚಿ ಅದನ್ನು ನಿಲ್ಲಿಸಿದರು. ಒಂದು ಕ್ಷಣ ಅವರ ಮುಖ ಸಣ್ಣದಾಯಿತು. ಉಸಿರಕ್ಕನಿಗೆ, ಇನ್ನೇನು ತಪ್ಪಾಯಿತು ಎನ್ನುತ್ತಾರೆ ಎನಿಸಿತು. ಅವರು ಕನ್ನಡಕ ಒರೆಸಿಕೊಂಡರು.

‘ಒಂದು ದೃಷ್ಟೀಲಿ ನೋಡಿದ್ರೆ ನಮ್ಮ ಪರದೆ ಪೂರ್ತಿ ಯಶಸ್ವಿ ಅಂತಾಯ್ತು,’ ಎಂದರು. ‘ಇನ್ನು ಹದಿನೈದು ದಿನಕ್ಕೆ ಅಂತರರಾಷ್ಟ್ರೀಯ ಸಮಿತಿ ನೋಡೋಕೆ ಬರ್ತಿದೆ. ಅವರು ಬಂದು ಹೋಗ್ಲಿ. ಆಮೇಲೆ ದುರಸ್ತಿ ಅಂತ ಹೇಳಿ ಬಿಚ್ಕೊಂಡು ಬರೋಣ.’

‘ಗುರುವಾರ ನನ್ನ ತಂಗಿ ವಿಚಾರಣೆ ಇದೆ ಸರ್. ಒಂದು ಕಾಗದ ಬರೆದುಕೊಡಿ.’

‘ವಿಚಾರಣೆಗೆ ನನ್ನನ್ನೂ ಕರೆದಿದ್ದಾರೆ. ಮಾತು, ಹೆಜ್ಜೆ, ಕರೆ ಎಲ್ಲ ಪರದೆ ದಾಟಿ ಕೇಳಿಸುತ್ತೆ ಅಂತ ವರದಿ ಕೊಟ್ಟಿದ್ದೀನಿ. ಅದು ಸುಳ್ಳಲ್ಲವಲ್ಲ?’ ಅವರು ದನಿ ತಗ್ಗಿಸಿದರು. ‘ನೀವೂ ಬನ್ನಿ, ಸದ್ದು ಅಳೆಯೋ ಮೀಟರು ಹಿಡ್ಕೊಳ್ಳೋಕೆ ಒಬ್ಬರು ಬೇಕು. ಆದ್ರೆ ಬಾಯಿ ಮುಚ್ಕೊಂಡು ನಿಂತಿರಬೇಕು. ಈ ವಿಷಯದಲ್ಲಿ ಎಲ್ಲೂ ಉಸಿರೆತ್ತಬೇಡಿ.’

ಹನ್ನೊಂದು ವರ್ಷ ಅವರ ಮಾತಿಗೆ ಉಸಿರು ಹಿಡಿದವಳಿಗೆ ಹೇಳಿದ ಮಾತು ಅದು. ಕೆನ್ನೆಗೆ ಬಾರಿಸಬೇಕು ಎನಿಸಿತು ಎಂದರೆ ಅದು ಬರೀ ಮಾತಲ್ಲ. ಅವಳ ಬಲಗೈ ನಿಜಕ್ಕೂ ಮೇಜಿನಿಂದ ಎದ್ದಿತ್ತು. ಅದನ್ನು ಮತ್ತೆ ಕೆಳಗಿಟ್ಟು, ‘ಬರ್ತೀನಿ ಸರ್’ ಎಂದಳು.

ಸಂಜೆ ಮೇಟ್ರನ್ ಮನೆಗೇ ಬಂದಳು. ಕಾಗದ ಸಿಗಲಿಲ್ಲವೆಂದು ತಿಳಿದು ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದಳು. ಆಮೇಲೆ ಲೋಟ ಕೆಳಗಿಟ್ಟು, ‘ಸ್ಥಳ ಪರಿಶೀಲನೆ ಅಂತ ಬರೆಸ್ತೀನಿ. ವಿಚಾರಣೆ ಅವರ ಕೋಣೇಲಿ ಬೇಡ, ಡ್ಯೂಟಿ ರೂಮಲ್ಲೇ ಆಗ್ಲಿ. ಮೇಷ್ಟ್ರನ್ನ ಬೇರೆ ವಾರ್ಡಿಗೆ ಹಾಕಿದ್ದಾರೆ, ಆರನೇ ಬೆಡ್ಡು ಖಾಲಿ ಇದೆ, ಮಾನಿಟರು ಅಲ್ಲೇ ಇದೆ. ಉಳಿದಿದ್ದು ನಿನ್ನ ಕೈಲಿ’ ಎಂದಳು.

‘ನನ್ನ ಕೈಲಲ್ಲ,’ ಎಂದಳು ಉಸಿರಕ್ಕ.

ಗುರುವಾರ ಹನ್ನೊಂದು ಗಂಟೆ. ಡ್ಯೂಟಿ ರೂಮು ನಾಲ್ಕು ಕುರ್ಚಿಗಷ್ಟೇ ಸಾಕಾಗುವ ಕೋಣೆ. ವಾರ್ಡಿನ ಕಡೆಯ ಗೋಡೆಯಲ್ಲಿ ಕೂತವರ ಎದೆಮಟ್ಟಕ್ಕೆ ಉದ್ದನೆಯ ಕಿಂಡಿ. ಅದರ ತುಂಬ ಮೂರು ಸಾಲಾಗಿ ಮೂವತ್ತಾರು ಚೌಕಟ್ಟು, ಮೇಲೆ ಬಿಳಿ ಬಟ್ಟೆಯ ಮುಸುಕು. ಬಾಗಿಲಿಗೆ ಹೊಸ ಸ್ಪ್ರಿಂಗು, ಅಂಚಿಗೆ ರಬ್ಬರಿನ ಪಟ್ಟಿ. ಸೂಪರಿಂಟೆಂಡೆಂಟ್ ನಡುವೆ ಕೂತರು. ಒಂದು ಪಕ್ಕ ಗ್ರಾಫಪ್ಪ, ಇನ್ನೊಂದು ಪಕ್ಕ ಬರೆದುಕೊಳ್ಳುವ ಗುಮಾಸ್ತ. ಎದುರಿನ ಕುರ್ಚಿಯಲ್ಲಿ ತಂಗಿ, ಇಸ್ತ್ರಿ ಮಾಡಿದ ಯೂನಿಫಾರಮ್ಮಿನಲ್ಲಿ. ಉಸಿರಕ್ಕ ಮೀಟರು ಹಿಡಿದು ಕಿಂಡಿಯ ಬಳಿ ನಿಂತಳು. ಮೇಟ್ರನ್ ಎಲ್ಲರಿಗೂ ನೀರು ಇಟ್ಟು, ಹೊರಗೆ ಹೋಗಿ ಬಾಗಿಲು ಮುಚ್ಚಿದಳು.

‘ಪರದೆ ಬಗ್ಗೆ ಸಂಶಯ ಬೇಡ,’ ಎಂದು ಗ್ರಾಫಪ್ಪ ಶುರು ಮಾಡಿದರು. ‘ಕೇಳಿ, ಹೊರಗೆ ಯಾರೋ ಕೆಮ್ಮಿದ್ರು. ಕೇಳಿಸ್ತಲ್ಲ? ಚಪ್ಪಲಿ ಸದ್ದು ಸಹ ಕೇಳಿಸ್ತಿದೆ.’

ಸೂಪರಿಂಟೆಂಡೆಂಟ್ ತಲೆಯಾಡಿಸಿದರು. ಉಸಿರಕ್ಕ ಬಟ್ಟೆಯ ಮೂಲೆಯನ್ನು ಒಂದು ಬೆರಳಿನಷ್ಟು ಸರಿಸಿ ನೋಡಿದಳು. ಪೊರೆಯಾಚೆ ಖಾಲಿ ಬೆಡ್ಡಿನ ತಲೆಯ ಹತ್ತಿರ ಮಾನಿಟರಿನ ಕೆಂಪು ದೀಪ ಹೊತ್ತಿ ಆರಿ ಹೊತ್ತಿ ಆರುತ್ತಿತ್ತು. ಅದರ ಪಕ್ಕದಲ್ಲಿ ಮೇಟ್ರನ್ ಕೈಕಟ್ಟಿ ನಿಂತಿದ್ದಳು. ಒಳಗೆ ಮಾತ್ರ ನಿಶ್ಶಬ್ದ.

‘ಎಲ್ಲಿ ಕೂತಿದ್ರಿ ನೀವು?’ ಎಂದು ಸೂಪರಿಂಟೆಂಡೆಂಟ್ ತಂಗಿಯನ್ನು ಕೇಳಿದರು.

‘ಇದೇ ಕುರ್ಚಿ ಸರ್.’

‘ಆರನೇ ಬೆಡ್ಡು ಎಷ್ಟು ದೂರ?’

‘ಹದಿನೆಂಟು ಹೆಜ್ಜೆ ಸರ್.’

‘ಹದಿನೆಂಟು ಹೆಜ್ಜೆ! ಹನ್ನೊಂದು ನಿಮಿಷ ಬಡ್ಕೊಂಡಿದೆ ಅದು. ಸತ್ತವರೂ ಎದ್ದು ಕೂರಬೇಕು. ನಿಮ್ಮ ಕಿವಿ ಸರಿ ಇದೆ ಅಂತ ರಿಪೋರ್ಟ್ ಇಲ್ಲೇ ಇದೆ. ಹಾಗಾದ್ರೆ ಇದೇನು, ಜಾಣಕಿವುಡಾ?’

‘ಇಲ್ಲ ಸರ್.’

‘ನಿದ್ದೆ ಮಾಡ್ತಿದ್ರಾ?’

‘ಇಲ್ಲ ಸರ್.’

‘ಬರ್ಕೊಳ್ರೀ,’ ಎಂದು ಸೂಪರಿಂಟೆಂಡೆಂಟ್ ಗುಮಾಸ್ತನ ಕಡೆ ತಿರುಗಿದರು. ‘ನಿದ್ದೆ ಮಾಡ್ತಿರಲಿಲ್ಲ ಅಂತ ಹೇಳ್ತಾರೆ. ಆದ್ರೆ ಕಾರಣ ಹೇಳೋದಕ್ಕೆ ಆಗ್ತಿಲ್ಲ. ಒಬ್ಬ ಮೇಷ್ಟ್ರು ತನ್ನ ಮಗಳನ್ನೇ ಮರೆತು ಕೂತಿದ್ದಾರೆ, ಗೊತ್ತಾ ನಿಮಗೆ? ಯಾವ ಮುಖ ಇಟ್ಕೊಂಡು ಈ ಬಟ್ಟೆ ಹಾಕ್ಕೊಂಡು ಬಂದ್ರಿ?’

ತಂಗಿಯ ಬಾಗಿದ ರೆಪ್ಪೆಗಳ ತುದಿಯಲ್ಲಿ ನೀರು ನಿಂತದ್ದು ಕಾಣಿಸಿತು. ಉಸಿರಕ್ಕ ಮೀಟರನ್ನು ನೆಲದ ಮೇಲಿಟ್ಟಳು. ಮುಸುಕಿನ ಬಟ್ಟೆ ಹಿಡಿದು ಒಂದೇ ಸಲಕ್ಕೆ ಎಳೆದಳು. ಮೇಲಿನ ಸಾಲಿನ ಮೊದಲ ಚೌಕಟ್ಟಿಗೆ ಬಾಯಿ ಹತ್ತಿರ ತಂದು, ಕನ್ನಡಕ ಒರೆಸುವ ಮೊದಲು ಗಾಜಿನ ಮೇಲೆ ಊದುತ್ತಾರಲ್ಲ, ಹಾಗೆ ‘ಹಾ—’ ಎಂದು ಬಿಸಿಯುಸಿರು ಬಿಟ್ಟಳು.

‘ಏನ್ ಮಾಡ್ತಿದ್ದೀರಿ!’ ಗ್ರಾಫಪ್ಪ ಕುರ್ಚಿಯಿಂದ ಹಾರಿ ಎದ್ದರು. ‘ತೇವ ತಾಗುತ್ತೆ! ಲೇಪ ಆಗಿಲ್ಲ ಅದಕ್ಕೆ!’

‘ಗೊತ್ತು ಸರ್. ಆಮೇಲೆ ನೋಡೋಣ ಅಂದಿದ್ರಲ್ಲ.’

ಎರಡನೆಯದು. ಮೂರನೆಯದು. ಮಂಜು ಕವಿದ ಪೊರೆಗಳ ಮೇಲೆ ಗೋಂದು ನೆಂದಿತು. ಕಣಗಳು ನಡುವಿನ ಜಾಗ ಬಿಟ್ಟು ಅಂಚಿಗೆ ಜಾರತೊಡಗಿದವು. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಅವಳಿಗೆ ಒಂದೊಂದೂ ಗೊತ್ತಿತ್ತು. ಗ್ರಾಫಪ್ಪ ಅವಳ ತೋಳಿಗೆ ಕೈ ಹಾಕಿದರು. ತಂಗಿ ಎದ್ದು ಬಂದು ಇಬ್ಬರ ನಡುವೆ ನಿಂತಳು. ರೋಗಿಗಳನ್ನು ಎತ್ತಿ ಕೂರಿಸಿ ಅಭ್ಯಾಸವಿದ್ದ ಕೈಯಿಂದ ಅವರನ್ನು ಮೆಲ್ಲಗೆ, ಆದರೆ ಗಟ್ಟಿಯಾಗಿ, ಕುರ್ಚಿಗೇ ಕೂರಿಸಿದಳು.

‘ಯಾರಮ್ಮ ನೀನು? ಏನಿದು ಹುಚ್ಚಾಟ?’ ಸೂಪರಿಂಟೆಂಡೆಂಟ್ ಗದರಿದರು.

‘ಇದನ್ನ ಕಟ್ಟಿದವಳು ಸರ್. ಇವಳ ಅಕ್ಕ.’

ಒಂಬತ್ತು, ಹತ್ತು. ಹನ್ನೊಂದನೆಯ ಚೌಕಟ್ಟಿಗೆ ಬರುವಾಗ ಗುಮಾಸ್ತ ಪೆನ್ನು ನಿಲ್ಲಿಸಿ ತಲೆಯೆತ್ತಿದ. ಎಲ್ಲೋ ದೂರದಲ್ಲಿ, ನೆರೆಮನೆಯಲ್ಲಿ ಎಂಬಂತೆ, ಸಣ್ಣಗೆ ಟೀ—. ಉಸಿರಕ್ಕ ಎರಡನೆಯ ಸಾಲಿಗೆ ಬಗ್ಗಿದಳು. ಸದ್ದು ಹತ್ತಿರ ಬಂತು. ಹದಿನೈದು, ಹದಿನಾರು. ಟೀ— ಟೀ—. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಅದು ಕೋಣೆಯೊಳಗೇ ನಿಂತು ಕಿರುಚುತ್ತಿತ್ತು. ನೀರಿನ ಲೋಟದ ಮೇಲಿನ ತಟ್ಟೆ ಸಣ್ಣಗೆ ಅದುರಿತು.

ಸೂಪರಿಂಟೆಂಡೆಂಟ್ ಎದ್ದು ನಿಂತಿದ್ದರು. ವೈದ್ಯರಲ್ಲವೇ, ಆ ಸದ್ದಿಗೆ ಕಾಲು ತಾನಾಗಿ ಬಾಗಿಲ ಕಡೆ ಹೊರಟಿತ್ತು. ‘ಅಲಾರಾಂ! ಯಾವ ಬೆಡ್ಡು? ಯಾರೂ ಇಲ್ವಾ ಹೊರಗೆ?’ ಎನ್ನುತ್ತ ಬಾಗಿಲು ಎಳೆದರು. ಬಾಗಿಲಲ್ಲೇ ಮೇಟ್ರನ್ ನಿಂತಿದ್ದಳು.

‘ಆರನೇ ಬೆಡ್ಡು ಸರ್. ಖಾಲಿ ಬೆಡ್ಡು, ಗಾಬರಿ ಬೇಡ. ನಾನೇ ಹಚ್ಚಿದ್ದು.’

‘ಯಾವಾಗಿನಿಂದ ಹೊಡ್ಕೋತಿದೆ ಇದು?’

‘ನೀವು ಮೊದಲನೇ ಪ್ರಶ್ನೆ ಕೇಳೋ ಮುಂಚಿನಿಂದ. ಹನ್ನೊಂದು ನಿಮಿಷ ದಾಟಿತು.’

ಸೂಪರಿಂಟೆಂಡೆಂಟ್ ಹದಿನೆಂಟು ಹೆಜ್ಜೆ ದೂರದ ಕೆಂಪು ದೀಪ ನೋಡಿದರು, ತಾವು ಕೂತಿದ್ದ ಕುರ್ಚಿ ನೋಡಿದರು. ಗ್ರಾಫಪ್ಪ ನೆಲದ ಮೇಲಿದ್ದ ಮೀಟರನ್ನು ನೋಡುತ್ತ ಕೂತರು. ಅದರ ಮುಳ್ಳು ಕೊನೆಯ ಗೆರೆ ಮುಟ್ಟಿ ನಿಂತಿತ್ತು.

ಅಷ್ಟು ಹೊತ್ತೂ ‘ಇಲ್ಲ ಸರ್’ ಬಿಟ್ಟು ಬೇರೆ ಮಾತು ಆಡದಿದ್ದ ತಂಗಿ ಈಗ ಸೂಪರಿಂಟೆಂಡೆಂಟರ ಮುಂದೆ ಬಂದು ನಿಂತಳು. ಅವಳ ದನಿ ಅಲಾರಾಮಿನ ಮೇಲೂ ಸ್ಪಷ್ಟವಾಗಿ ಕೇಳುವಷ್ಟು ಎತ್ತರದಲ್ಲಿತ್ತು.

‘ನಿದ್ದೆ ಮಾಡ್ತಿದ್ರಾ ಸರ್?’

ಗುಮಾಸ್ತ ಎರಡೂ ಕಡೆ ನೋಡಿದ. ‘ಇದನ್ನೂ ಬರ್ಕೊಳ್ಳಾ?’ ಎಂದು ಕೇಳಿದ. ಆಮೇಲೆ ತಾನೇ ಬರೆದುಕೊಂಡ.

ಉಸಿರಕ್ಕ ಇದ್ಯಾವುದಕ್ಕೂ ತಿರುಗಿ ನೋಡಲಿಲ್ಲ. ಮೂರನೆಯ ಸಾಲು ಬಾಕಿ ಇತ್ತು. ಸದ್ದು ಕೇಳಿದ ಮೇಲೆ ಇನ್ನು ಬೇಕಿರಲಿಲ್ಲ ನಿಜ. ಆದರೂ ಅವಳು ಮಂಡಿಯೂರಿ ಕೂತು, ಒಂದೊಂದನ್ನೂ ಎಣಿಸುತ್ತ, ಎದೆ ತುಂಬ ಎಳೆದುಕೊಂಡು, ಮೂವತ್ತಾರನೆಯದರವರೆಗೆ ಉಸಿರು ಬಿಟ್ಟಳು.